ಸರಿಯಾಗಿ ಅಂಟದ ಅಂಟು

ನನ್ನ ಮೇಜಿನ ಎದುರು ಒಂದು ಹಳದಿ ಚೀಟಿ ಇದೆ, ಅಂಟಿಸಿ ಮತ್ತೆ ಕೀಳಬಹುದಾದ ‘ಪೋಸ್ಟ್-ಇಟ್’. ‘ಗ್ಯಾಸ್ ಬುಕ್ ಮಾಡು’ ಅಂತ ಬರೆದಿದ್ದೇನೆ. ಮೂರು ಸಲ ಕಿತ್ತು ಬೇರೆ ಕಡೆ ಅಂಟಿಸಿದ್ದಾಯ್ತು, ಗ್ಯಾಸ್ ಮಾತ್ರ ಬುಕ್ ಆಗಿಲ್ಲ.

‘ಮಾಲೀಕರ ಹಾಗೆ ಯೋಚಿಸಿ’ ಎಂದು ನೌಕರರಿಗೆ ಭಾಷಣ ಕೊಡಿಸುವವರನ್ನು ಕಂಡಾಗೆಲ್ಲ ಈ ಚೀಟಿ ತೋರಿಸಬೇಕು ಅನಿಸುತ್ತದೆ.

1968ರಲ್ಲಿ ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿಯಾದ ಅಂಟು ಮಾಡಲು ಹೊರಟಿದ್ದರು. ಆಗಿದ್ದು ಉಲ್ಟಾ. ಸಾಮಾನ್ಯ ಅಂಟು ಬಳಿದಲ್ಲೆಲ್ಲ ಹರಡಿಕೊಳ್ಳುತ್ತದೆ. ಇದು ಕಣ್ಣಿಗೆ ಕಾಣದಷ್ಟು ಸಣ್ಣ ಗೋಲಿಗಳಾಗಿ ಉಳಿಯಿತು. ಒದ್ದೆ ನೆಲಕ್ಕೆ ಬಾಳೆಲೆ ಹಾಸಿದರೆ ಪೂರ್ತಿ ಕಚ್ಚಿಕೊಳ್ಳುತ್ತೆ, ಅಲ್ವಾ? ಅದೇ ಎಲೆಯ ಕೆಳಗೆ ಬೆಂದ ಸಬ್ಬಕ್ಕಿ ಹರಡಿ ನೋಡಿ. ಎಲೆಗೆ ತಗಲುವುದು ಒಂದೊಂದು ಕಾಳಿನ ನೆತ್ತಿ ಮಾತ್ರ. ಕೀಳುವಾಗ ಒಂದು ತುದಿಯಿಂದ ಸಾಲುಸಾಲಾಗಿ ಬಿಡುತ್ತದೆ, ಮಗುವಿನ ಅಂಗಿಯ ಟಿಚ್ ಬಟನ್ ಬಿಚ್ಚಿದ ಹಾಗೆ. ಗೋಲಿಗಳು ಒಡೆಯುವುದಿಲ್ಲ, ಅದಕ್ಕೇ ಮತ್ತೆ ಅಂಟುತ್ತದೆ. ಧೂಳು ಮೆತ್ತಿಕೊಂಡ ಮೇಲೆ ಆಟ ಮುಗಿಯಿತು.

ಇದನ್ನು ಏನು ಮಾಡೋದು? ಯಾರಿಗೂ ಗೊತ್ತಿರಲಿಲ್ಲ. ಸಿಲ್ವರ್ ವರ್ಷಗಟ್ಟಲೆ ಸಹೋದ್ಯೋಗಿಗಳಿಗೆ ಹೇಳುತ್ತಲೇ ಇದ್ದರು. ಕೇಳಿದವರಲ್ಲಿ ಆರ್ಟ್ ಫ್ರೈ ಒಬ್ಬರು. ಚರ್ಚಿನಲ್ಲಿ ಹಾಡುವಾಗ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿಗಳು ಉದುರಿಹೋಗುತ್ತಿದ್ದವು. 1974ರಲ್ಲಿ ಅವರಿಗೆ ಆ ಅಂಟು ನೆನಪಾಯಿತು. ಅಷ್ಟರಿಂದಲೇ ಸರಕು ತಯಾರಾಗಲಿಲ್ಲ. ಅಂಟು ಚೀಟಿ ಬಿಟ್ಟು ಪುಸ್ತಕಕ್ಕೆ ಹೋಗಿ ಕೂರುತ್ತಿತ್ತು. ಅದು ಚೀಟಿಯಲ್ಲೇ ನಿಲ್ಲಲು ಅಡಿಯಲ್ಲಿ ಇನ್ನೊಂದು ಲೇಪ ಬೇಕಾಯಿತು, ಅದನ್ನು ಬೇರೆ ಇಬ್ಬರು ಮಾಡಿಕೊಟ್ಟರು. 1977ರಲ್ಲಿ ಅಂಗಡಿಗಿಟ್ಟರೆ ಸರಿಯಾಗಿ ಮಾರಾಟವಾಗಲಿಲ್ಲ. ಮರುವರ್ಷ ಬಾಯ್ಸಿ ಪಟ್ಟಣದಲ್ಲಿ ಪುಕ್ಕಟೆ ಹಂಚಿದರು, ಬಳಸಿದವರಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನ ಕೊಳ್ಳುತ್ತೇವೆ ಎಂದರು. ಅಮೆರಿಕದ ತುಂಬ ಮಾರಾಟಕ್ಕೆ ಬಂದಿದ್ದು 1980ರಲ್ಲಿ. ತಲೆಯಲ್ಲಿ ಬಲ್ಬ್ ಹೊತ್ತಿಕೊಂಡಿತು ಅಂತಾರಲ್ಲ, ಈ ಬಲ್ಬ್ ಹೊತ್ತಲು 12 ವರ್ಷ ಹಿಡಿಯಿತು.

ಅಷ್ಟು ದಿನ ಅದನ್ನು ಯಾರೂ ಕಸಕ್ಕೆ ಎಸೆಯಲಿಲ್ಲ ಯಾಕೆ? ಕೆಲಸದ ಹೊತ್ತಿನಲ್ಲಿ ಶೇ. 15ರಷ್ಟನ್ನು ತಮಗೆ ತೋಚಿದ್ದಕ್ಕೆ ಬಳಸಿಕೊಳ್ಳುವ ರೂಢಿ ಅಲ್ಲಿತ್ತು. ಅದರ ಬೇರು ಇನ್ನೂ ಹಳೆಯದು. 1902ರಲ್ಲಿ ಶುರುವಾದ ಈ ಕಂಪನಿ ಉಜ್ಜಲು ಬಳಸುವ ಗಟ್ಟಿ ಕಲ್ಲಾದ ಕುರಂದಕ್ಕೆಂದು ಗಣಿ ಕೊಂಡು, ಕೆಲಸಕ್ಕೆ ಬಾರದ ಕಲ್ಲು ಸಿಕ್ಕಿ ಪೆಟ್ಟು ತಿಂದಿತ್ತು. 1920ರ ದಶಕದಲ್ಲಿ ಅಲ್ಲಿ ಕೆಲಸಕ್ಕಿದ್ದ ರಿಚರ್ಡ್ ಡ್ರೂ ಎಂಬ ಹುಡುಗ ಉಪ್ಪುಕಾಗದದ ಸ್ಯಾಂಪಲ್ ಕೊಡಲು ಗ್ಯಾರೇಜಿಗೆ ಹೋಗುತ್ತಿದ್ದ. ಎರಡು ಬಣ್ಣದ ಕಾರಿಗೆ ಪೇಂಟ್ ಹೊಡೆಯುವವರು, ಒಂದು ಬಣ್ಣದ ಭಾಗ ಮುಚ್ಚಲು ಅಂಟಿಸಿದ ಕಾಗದ ಕೀಳುವಾಗ ಪೇಂಟೂ ಎದ್ದುಬಂದು ಬೈಯುತ್ತಿದ್ದರು. ಅವನು ಅದರ ಹಿಂದೆ ಬಿದ್ದ. ಬಿಡು ಅಂದರು ಸಾಹೇಬರು, ಬಿಡಲಿಲ್ಲ. ಯಂತ್ರ ಬೇಕಾಗಿತ್ತು. ಕೇಳದೆ ಖರ್ಚು ಮಾಡಬಹುದಾಗಿದ್ದು 100 ಡಾಲರ್ ತನಕ. 99 ಡಾಲರಿನ ಖರೀದಿ ಚೀಟಿಗಳನ್ನು ಒಂದರ ಹಿಂದೊಂದು ಹಾಕಿ ಯಂತ್ರ ತರಿಸಿದ ಎಂಬುದು ಅಲ್ಲಿ ಈಗಲೂ ಓಡಾಡುವ ಕಥೆ. ಮಾಸ್ಕಿಂಗ್ ಟೇಪ್ ಹುಟ್ಟಿದ್ದು ಹಾಗೆ. ಅವನ ಸಾಹೇಬ ವಿಲಿಯಂ ಮೆಕ್‌ನೈಟ್ ಮುಂದೆ ಕಂಪನಿಯ ಮುಖ್ಯಸ್ಥನಾದ. ತಪ್ಪು ಮಾಡಿದವರನ್ನು ಹಣಿದರೆ ಹೊಸದು ಹುಟ್ಟುವುದಿಲ್ಲ ಎಂದು 1948ರಲ್ಲಿ ಬರೆದಿಟ್ಟ.

ನಾನು ಹಿಂದೆ ಇದ್ದ ಒಂದು ಆಫೀಸಿನ ಗೋಡೆಯಲ್ಲಿ ‘ಮಾಲೀಕರ ಹಾಗೆ ಯೋಚಿಸಿ’ ಎಂಬ ದೊಡ್ಡ ಪೋಸ್ಟರ್ ಇತ್ತು. ಅಲ್ಲಿ ಈ ಹಳದಿ ಚೀಟಿಯ ಒಂದು ಕಟ್ಟು ಬೇಕು ಅಂದರೂ ಇಬ್ಬರ ಸಹಿ ಆಗಬೇಕಿತ್ತು.