ಒಂದು ಕೋರ್ ಮಾತ್ರ ಏಕೆ ಬಿಸಿಯೇರುತ್ತದೆ?

ಕೋಲಾರದ ಎಪಿಎಂಸಿ ಪ್ರಾಂಗಣದ ಟೊಮೆಟೊ ಮಂಡಿಯೊಂದರಲ್ಲಿ, ಲೆಕ್ಕ ಬರೆಯುವ ಮೇಜಿನ ಮೇಲೆ, ಮಾನಿಟರಿನ ಬೆನ್ನಿಗೆ ತಗುಲಿಸಿದ ಪುಟ್ಟ ಡೆಸ್ಕ್‌ಟಾಪ್ ಇದೆಯೆಂದುಕೊಳ್ಳೋಣ. ಅದರ ಫ್ಯಾನ್ ದಿನವಿಡೀ ಸದ್ದು ಮಾಡುತ್ತದೆ. ತಾಪಮಾನ ತೋರಿಸುವ ತಂತ್ರಾಂಶವನ್ನು ತೆರೆದರೆ, ಪ್ರೊಸೆಸರ್ ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕಗಳಾದ ನಾಲ್ಕು ಕೋರ್‌ಗಳಲ್ಲಿ ಮೂರು 70 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು, ಒಂದು ಮಾತ್ರ 86ಕ್ಕೆ ಏರಿರುತ್ತದೆ. ಇಂಥಲ್ಲಿ ಮೊದಲು ಬೈಸಿಕೊಳ್ಳುವುದು ದೂಳು, ಆಮೇಲೆ ಬೇಸಿಗೆ. ಎರಡಕ್ಕೂ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ, ನಿಜ. ಆದರೆ ಒಂದೇ ಕೋರ್ ಉಳಿದವುಗಳಿಗಿಂತ 16 ಡಿಗ್ರಿ ಮೇಲಿರುವುದಕ್ಕೆ ಅವೆರಡೂ ಕಾರಣವಾಗಲಾರವು.

ಏಕೆಂದರೆ ಚಿಪ್ಪಿನ ಮೇಲೆ ಕೂರಿಸಿದ ಲೋಹದ ಹೀಟ್‌ಸಿಂಕ್ ಇಡೀ ಚಿಪ್ಪಿನ ಶಾಖವನ್ನು ಒಟ್ಟಿಗೆ ಹೊರಹಾಕುತ್ತದೆ. ಕೋಣೆಯ ಗಾಳಿ 24 ಡಿಗ್ರಿಯಿಂದ 36ಕ್ಕೆ ಏರಿದರೆ, ಕೆಲಸದ ಹೊರೆಯೂ ಫ್ಯಾನಿನ ವೇಗವೂ ಬದಲಾಗದಿದ್ದಾಗ, ಎಲ್ಲ ಕೋರ್‌ಗಳೂ ಸುಮಾರು 12 ಡಿಗ್ರಿ ಮೇಲೇರುತ್ತವೆ. ಹೀಟ್‌ಸಿಂಕಿನ ಎಲೆಗಳ ನಡುವೆ ದೂಳು ಕಟ್ಟಿಕೊಂಡರೂ ಆಗುವುದು ಇಷ್ಟೇ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವುದರಿಂದ ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಯದಕ್ಕಿಂತ ಸುಮಾರು ನೂರಕ್ಕೆ ಎಂಟರಷ್ಟು ಕಡಿಮೆ. ಅಷ್ಟೇ ವೇಗದಲ್ಲಿ ತಿರುಗುವ ಫ್ಯಾನ್ ಇಲ್ಲಿ ತುಸು ಕಡಿಮೆ ಶಾಖವನ್ನು ಹೊತ್ತೊಯ್ಯುತ್ತದೆ. ಆ ನಷ್ಟವೂ ಎಲ್ಲ ಕೋರ್‌ಗಳಿಗೆ ಸೇರಿದ್ದೇ. ಆದ್ದರಿಂದ ಎಲ್ಲವೂ ಒಟ್ಟಿಗೆ ಏರಿವೆಯೇ, ಒಂದೇ ಏರಿದೆಯೇ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು.

ತೆರೆಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಪ್ರತಿ ಕೋರ್‌ನ ಬಳಿ ಸಿಲಿಕಾನಿನಲ್ಲೇ ರೂಪಿಸಿದ ಪುಟ್ಟ ಸೆನ್ಸರ್ ಇರುತ್ತದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಈ ಸೆನ್ಸರ್, ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿಯಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಆ ಮಿತಿ ಹಲವು ಮಾದರಿಗಳಲ್ಲಿ 100 ಡಿಗ್ರಿ. ಬಾಕಿಯನ್ನು ಮಿತಿಯಿಂದ ಕಳೆದು ನಮಗೆ ತೋರಿಸುವುದು ತಂತ್ರಾಂಶದ ಕೆಲಸ. ಚಿಪ್ಪನ್ನು ಕಾಪಾಡುವುದೇ ಸೆನ್ಸರಿನ ಮುಖ್ಯ ಉದ್ದೇಶವಾದ್ದರಿಂದ ಅದರ ನಿಖರತೆ ಮಿತಿಯ ಹತ್ತಿರ ಚೆನ್ನಾಗಿದ್ದು, ಕೆಳಗಿಳಿದಂತೆ ಸಡಿಲವಾಗುತ್ತದೆ. ಕಂಪ್ಯೂಟರ್ ಸುಮ್ಮನಿರುವಾಗ ಒಂದು ಕೋರ್ 38, ಇನ್ನೊಂದು 45 ಎಂದು ತೋರಿಸಿದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹೊರೆಯಿರುವಾಗಲೂ ಹತ್ತು ಡಿಗ್ರಿಯೊಳಗಿನ ವ್ಯತ್ಯಾಸ ಸಾಮಾನ್ಯವೇ. ನಡುವಿನ ಕೋರ್‌ಗೆ ಎರಡೂ ಕಡೆಯ ನೆರೆಯವರ ಶಾಖ ತಾಗುತ್ತದೆ, ಅಂಚಿನದಕ್ಕೆ ಒಂದು ಕಡೆಯದು ಮಾತ್ರ.

ಇನ್ನು ಪತ್ತೆಯ ಕೆಲಸ. ಶಾಖ ಕೆಲಸದ ಜೊತೆ ಓಡಾಡುತ್ತಿದೆಯೋ, ಜಾಗಕ್ಕೆ ಅಂಟಿಕೊಂಡಿದೆಯೋ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಈಗಿನ ಪ್ರೊಸೆಸರ್‌ಗಳಲ್ಲಿ ಒಂಟಿ ಕೆಲಸವೊಂದು ಬಂದಾಗ ಹೆಚ್ಚು ವೇಗಕ್ಕೆ ಏರಬಲ್ಲ ಒಂದೆರಡು ಕೋರ್‌ಗಳಿಗೇ ಅದು ಹೋಗುವುದುಂಟು. ಹಿನ್ನೆಲೆಯಲ್ಲಿ ಸಿಕ್ಕಿಕೊಂಡ ತಂತ್ರಾಂಶವೊಂದು ಒಂದೇ ಕೋರನ್ನು ದುಡಿಸುತ್ತಲೂ ಇರಬಹುದು. ಹಾಗಾಗಿ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ) ಫ್ಯಾನಿನ ವೇಗವನ್ನು ಸ್ಥಿರಗೊಳಿಸಿ, ಒಂದೇ ಭಾರವಾದ ಕೆಲಸವನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಮೂಲಕ ಒಂದೊಂದೇ ಕೋರ್‌ಗೆ ಕಟ್ಟಿಹಾಕಿ, ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಳ್ಳಬೇಕು. ಪ್ರತಿ ಕೋರೂ ತನ್ನ ಸರದಿಯಲ್ಲಿ ಹೆಚ್ಚುಕಡಿಮೆ ಅದೇ ತಾಪಮಾನವನ್ನು ಮುಟ್ಟಿದರೆ ತಂಪುಗೊಳಿಸುವ ವ್ಯವಸ್ಥೆಯಲ್ಲಿ ದೋಷವಿಲ್ಲ; ತಪ್ಪು ಕೆಲಸದ ಹಂಚಿಕೆಯದು. ದೊಡ್ಡ ಮತ್ತು ಸಣ್ಣ ಕೋರ್‌ಗಳು ಬೆರೆತಿರುವ ಪ್ರೊಸೆಸರ್ ಆದರೆ ದೊಡ್ಡದನ್ನು ದೊಡ್ಡದರ ಜೊತೆಗೇ ಹೋಲಿಸಬೇಕು.

ಎಷ್ಟು ಸಲ ಅಳೆದರೂ ಅದೇ ಕೋರ್ ಮೇಲಿದ್ದರೆ ಅನುಮಾನ ಎರಡೇ: ಸೆನ್ಸರ್ ತಪ್ಪು ಹೇಳುತ್ತಿದೆ, ಇಲ್ಲವೇ ಆ ಜಾಗದಲ್ಲಿ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಇವೆರಡನ್ನು ಬೇರ್ಪಡಿಸಲು ಪೆಟ್ಟಿಗೆಯನ್ನು ಬಿಚ್ಚಬೇಕಾಗಿಲ್ಲ. ಶಾಖದ ಹಾದಿಯಲ್ಲಿ ಅಡ್ಡಿಯಿದ್ದರೆ ಅದರಿಂದ ಏರುವ ತಾಪಮಾನ, ಹರಿಯುವ ವ್ಯಾಟ್‌ಗಳಿಗೆ ಅನುಗುಣವಾಗಿರುತ್ತದೆ. ಬಯೋಸ್‌ನಲ್ಲಿ ವಿದ್ಯುತ್ ಮಿತಿಯನ್ನು ಅರ್ಧಕ್ಕಿಳಿಸಿ ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ದುಡಿಸಿದಾಗ 16 ಡಿಗ್ರಿಯ ಅಂತರ ಎಂಟರ ಹತ್ತಿರಕ್ಕೆ ಬಂದರೆ ಅಡ್ಡಿ ನಿಜವಾದದ್ದು. ಅಂತರ ಬಹುಮಟ್ಟಿಗೆ ಹಾಗೆಯೇ ಉಳಿದರೆ ಸೆನ್ಸರಿನ ಮೇಲೆ ಅನುಮಾನಪಡಬಹುದು. ರಿಪೇರಿ ಅಂಗಡಿಗಳಲ್ಲಿ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಲು ಹೊರಡುವುದು ನನಗೆ ಅವಸರವೆನಿಸುತ್ತದೆ.

ಅಡ್ಡಿಯೇ ಆಗಿದ್ದರೆ ಪೇಸ್ಟ್ ಬದಲಿಸಲೇಬೇಕು. ಶಾಖವನ್ನು ಸಾಗಿಸುವ ಸಾಮರ್ಥ್ಯ ತಾಮ್ರಕ್ಕೆ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್, ಒಳ್ಳೆಯ ಥರ್ಮಲ್ ಪೇಸ್ಟ್‌ಗೆ ಹತ್ತರ ಒಳಗೆ, ಗಾಳಿಗೆ 0.026. ಪೇಸ್ಟ್ ಇರುವುದು ಲೋಹದ ಬದಲಿಗಲ್ಲ, ಗಾಳಿಯ ಬದಲಿಗೆ, ತೆಳುವಾಗಿದ್ದಷ್ಟೂ ಒಳ್ಳೆಯದು. ಪುಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಅನೇಕವು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳನ್ನೇ ಬಳಸುತ್ತವೆ. ಅವುಗಳ ಸಿಲಿಕಾನ್ ಮೇಲೆ ಶಾಖವನ್ನು ಹರಡುವ ಲೋಹದ ಮುಚ್ಚಳವಿರುವುದಿಲ್ಲ. ಒಂದು ಮೂಲೆಯ ಸ್ಕ್ರೂ ಸಡಿಲವಾದರೂ ಅದರಡಿಯ ಕೋರ್ ನೇರವಾಗಿ ಕಷ್ಟಕ್ಕೆ ಸಿಗುತ್ತದೆ. ಹೀಟ್‌ಸಿಂಕನ್ನು ಎತ್ತಿದಾಗ ಹಳೆಯ ಪೇಸ್ಟಿನ ಗುರುತನ್ನು ಒರೆಸುವ ಮುನ್ನ ನೋಡಬೇಕು: ಒತ್ತಡ ಕಡಿಮೆಯಿದ್ದ ಕಡೆ ಅದು ದಪ್ಪವಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತೆಳುವಾಗಿ ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಮಾಡಬೇಕು; ಒಂದನ್ನೇ ಪೂರ್ತಿ ಬಿಗಿದರೆ ಹೀಟ್‌ಸಿಂಕ್ ಓರೆಯಾಗುತ್ತದೆ, ಸಿಲಿಕಾನಿನ ಅಂಚು ಮುರಿಯಲೂಬಹುದು.

ಇಷ್ಟಾದ ಮೇಲೂ ಅಂತರ ಉಳಿದು, ಆ ಕೋರ್ ತಾಪಮಾನದ ಮಿತಿಯನ್ನು ಮುಟ್ಟಿ ವೇಗ ಇಳಿಸಿಕೊಳ್ಳುತ್ತಿದ್ದರೆ, ವಿದ್ಯುತ್ ಮಿತಿಯನ್ನು 35 ವ್ಯಾಟ್‌ನಿಂದ 25ಕ್ಕೆ ಇಳಿಸಿಡಬಹುದು. ಮಂಡಿಯ ಬಿಲ್ಲು ಬರೆಯುವ ಕೆಲಸಕ್ಕೆ ಅದರಿಂದ ತೊಂದರೆಯಾಗದು. ತಾಪಮಾನದ ಮಿತಿಯನ್ನು ಮುಟ್ಟುತ್ತಿಲ್ಲವಾದರೆ ಮುಚ್ಚಳ ಹಾಕಿ ಹಾಗೆಯೇ ಬಳಸಬಹುದು.