ಸರ್ಕಾರಿ ಪುಸ್ತಕದ ಪುಟಗಳನ್ನು ನಮ್ಮೂರ ಇತಿಹಾಸದಲ್ಲಿ ಅಚ್ಚು ಹಾಕಬಹುದೇ?

ಪ್ರಶ್ನೆ: ಹಾಸನ ಜಿಲ್ಲೆಯ ನಮ್ಮೂರಿನ ಇತಿಹಾಸದ ಪುಸ್ತಕ ತರುತ್ತಿದ್ದೇವೆ. ಶಾಸನ ಸಂಪುಟ, ಜಿಲ್ಲೆಯ ಸಮಗ್ರ ವಿವರ ಕೊಡುವ ಸರ್ಕಾರಿ ಗ್ರಂಥಗಳಾದ ಜಿಲ್ಲಾ ಗ್ಯಾಸೆಟಿಯರ್‌ಗಳ ಪುಟಗಳನ್ನು ಹಾಗೇ ಸೇರಿಸಬಹುದೇ? ಸರ್ಕಾರದ್ದೆಂದರೆ ಎಲ್ಲರದ್ದೂ ತಾನೇ?

ಉತ್ತರ: ಅಲ್ಲ. ಅಮೆರಿಕದ ಕಾನೂನಿನಲ್ಲಿ ಅಲ್ಲಿನ ಫೆಡರಲ್ ಸರ್ಕಾರದ ಕೃತಿಗಳಿಗೆ ಕೃತಿಸ್ವಾಮ್ಯವಿಲ್ಲ (ಕಾಪಿರೈಟ್), ನಮ್ಮಲ್ಲಿ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಇಲಾಖೆಯ ಕೃತಿಗೆ ಸರ್ಕಾರವೇ ಮೊದಲ ಮಾಲೀಕ. ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಕಾಫಿ ಮಂಡಳಿಯಂಥ ಸಂಸ್ಥೆಗಳಿಗೂ ಹೀಗೇ. ಹಾಗಾಗಿ ಆ ಮಂಡಳಿಯ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯ ಕೈಪಿಡಿಯನ್ನು ಅನುಮತಿಯಿಲ್ಲದೆ ಅಚ್ಚು ಹಾಕಿಸಿ ಮಾರುವಂತಿಲ್ಲ.

ಇನ್ನು ಅವಧಿ. ಪ್ರಕಟವಾದ ಮರುವರ್ಷದ ಜನವರಿ 1ರಿಂದ 60 ವರ್ಷ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳ ಮಾಲೆ 'ಎಪಿಗ್ರಾಫಿಯ ಕರ್ನಾಟಿಕ'ದ ಹಾಸನ ಸಂಪುಟ 1902ರದ್ದು, ಧೈರ್ಯವಾಗಿ ಬಳಸಿ. 1971ರ ಹಾಸನ ಗ್ಯಾಸೆಟಿಯರ್‌ಗೆ 2031ರ ಡಿಸೆಂಬರ್ 31ರವರೆಗೆ ರಕ್ಷಣೆಯಿದೆ. ಎಡವುವುದು ಪರಿಷ್ಕೃತ ಮುದ್ರಣಗಳಲ್ಲಿ: ಅದರಲ್ಲಿ ಹೊಸದಾಗಿ ಸೇರಿದ ಪೀಠಿಕೆ, ಟಿಪ್ಪಣಿ, ಅನುವಾದಗಳಿಗೆ ಹೊಸ ಲೆಕ್ಕ ಶುರುವಾಗುತ್ತದೆ. ಆದ್ದರಿಂದ ಶೀರ್ಷಿಕೆ ಪುಟದ ಹಿಂಬದಿಯಲ್ಲಿರುವ ಮುದ್ರಣದ ವಿವರ ನೋಡದೆ ಸ್ಕ್ಯಾನ್ ಮಾಡಬೇಡಿ.

ಕಲ್ಲಿನ ಮೇಲಿನ ಹೊಯ್ಸಳರ ಶಾಸನದ ಮೂಲ ಪಠ್ಯಕ್ಕೆ ಯಾರ ಕೃತಿಸ್ವಾಮ್ಯವೂ ಇಲ್ಲ. ಇಸವಿ, ದಾನದ ವಿವರ, ಊರ ಹೆಸರುಗಳೂ ಅಷ್ಟೇ. ಅವನ್ನು ನಿಮ್ಮದೇ ಮಾತಿನಲ್ಲಿ ಬರೆದು ಆಕರ ಹೇಳಿದರೆ ಅನುಮತಿ ಬೇಡ. ಊರಿನ ಪುಸ್ತಕಕ್ಕೆ ಒಳ್ಳೆಯ ದಾರಿಯೂ ಇದೇ.

52ನೇ ಕಲಮಿನಲ್ಲಿ ವಿನಾಯಿತಿಗಳಿವೆ. ರಾಜ್ಯಪತ್ರದ (ಸರ್ಕಾರದ ಅಧಿಕೃತ ಪ್ರಕಟಣೆಯಾದ ಗೆಜೆಟ್) ಅಧಿಸೂಚನೆಗಳನ್ನು ಮರುಮುದ್ರಿಸಬಹುದು. ಸರ್ಕಾರವೋ ನ್ಯಾಯಾಲಯವೋ ನಿಷೇಧಿಸದಿದ್ದರೆ ಸದನದಲ್ಲಿ ಮಂಡಿಸಿದ ಸಮಿತಿ ವರದಿಗಳನ್ನೂ ತೀರ್ಪುಗಳನ್ನೂ. ಕಾಯ್ದೆಯ ಪಠ್ಯಕ್ಕೆ ಮಾತ್ರ ನಿಮ್ಮ ವ್ಯಾಖ್ಯಾನ ಜೊತೆಗಿರಬೇಕು. ಗೆಜೆಟ್‌ನ ವಿನಾಯಿತಿ ಗ್ಯಾಸೆಟಿಯರ್‌ಗೆ ಸಲ್ಲದು, ಅವೆರಡೂ ಬೇರೆ.

ಮಾಹಿತಿ ಹಕ್ಕಿನಲ್ಲಿ ಸಿಕ್ಕಿದ ಪ್ರತಿಯನ್ನು ನೇರ ಮುದ್ರಣಾಲಯಕ್ಕೆ ಒಯ್ಯುವುದು ಬಹಳ ಕಡೆ ಆಗುವ ತಪ್ಪು. ಪ್ರತಿ ಪಡೆಯುವ ಹಕ್ಕು ಬೇರೆ, ಪ್ರಕಟಿಸುವ ಹಕ್ಕು ಬೇರೆ. ಪ್ರಕಟಿಸಿದ ಇಲಾಖೆಗೆ ಲಿಖಿತ ಅರ್ಜಿ ಕೊಡಿ: ಕೃತಿಯ ಹೆಸರು, ಮುದ್ರಣದ ವರ್ಷ, ಬೇಕಾದ ಪುಟಸಂಖ್ಯೆ, ಎಷ್ಟು ಪ್ರತಿ, ಬೆಲೆ ಎಷ್ಟು, ಇ-ಪುಸ್ತಕವೂ ಬರುತ್ತದೆಯೇ. ಮೌಖಿಕ ಒಪ್ಪಿಗೆ ನೆಚ್ಚಬೇಡಿ, ಅಧಿಕಾರಿ ವರ್ಗವಾದರೆ ಅದಕ್ಕೆ ಸಾಕ್ಷಿಯೇ ಇರುವುದಿಲ್ಲ. ಚಿತ್ರಗಳ ಕೆಳಗಿನ ಹೆಸರನ್ನೂ ಓದಿ. ಖಾಸಗಿ ಛಾಯಾಗ್ರಾಹಕರಿಂದ ಎರವಲು ಪಡೆದ ಚಿತ್ರವಾದರೆ ಇಲಾಖೆಯ ಪತ್ರ ಸಾಲದು, ಅವರನ್ನೇ ಕೇಳಬೇಕು.