ಅರಳಿ ನಾನು ಎಂದವನು ಬೇವಿನಲ್ಲಿ ಇಲ್ಲವೇ?

ತುಮಕೂರು ಸೀಮೆಯಲ್ಲಿ ವಿಭೂತಿ ಎಂದರೆ ಹಣೆಗೆ ಹಚ್ಚುವ ಭಸ್ಮ. ಗೀತೆಯ ಹತ್ತನೆಯ ಅಧ್ಯಾಯ ‘ವಿಭೂತಿಯೋಗ’ದಲ್ಲಿ ಅದೇ ಮಾತಿಗೆ ಭಗವಂತನ ಐಶ್ವರ್ಯ, ಅದು ಲೋಕದಲ್ಲಿ ಹರಡಿಕೊಂಡಿರುವ ಬಗೆ ಎಂದರ್ಥ.

ಇದು ಸಣ್ಣ ಗೊಂದಲ. ದೊಡ್ಡದು 26ನೆಯ ಶ್ಲೋಕದಲ್ಲಿದೆ: ‘ಅಶ್ವತ್ಥಃ ಸರ್ವವೃಕ್ಷಾಣಾಂ’, ಮರಗಳಲ್ಲಿ ಅರಳಿ ನಾನು. ನಮ್ಮ ಕಟ್ಟೆಗಳಲ್ಲಿ ಅರಳಿಗೂ ಬೇವಿಗೂ ಮದುವೆ ಮಾಡಿರುತ್ತಾರೆ. ಹಾಗಾದರೆ ಪಕ್ಕದ ಬೇವಿನಲ್ಲಿ ದೇವರಿಲ್ಲವೇ? ‘ಇಂಥವುಗಳಲ್ಲಿ ಇಂಥದ್ದು ನಾನು’ ಎಂದು ಕೃಷ್ಣ ಹೇಳುತ್ತ ಹೋಗುವ 21ರಿಂದ 38ರವರೆಗಿನ ಪಟ್ಟಿಯನ್ನು ಮಾತ್ರ ಕಿತ್ತು ಓದಿದರೆ ಈ ಅನುಮಾನ ಬಂದೇ ಬರುತ್ತದೆ. 17ರಲ್ಲಿ ಅರ್ಜುನ ಕೇಳಿದ್ದು, ಯಾವ ಯಾವ ವಸ್ತುಗಳಲ್ಲಿ ನಿನ್ನನ್ನು ಚಿಂತಿಸಲಿ ಎಂದು. ಅವನಿಗೆ ಬೇಕಿದ್ದದ್ದು ಮನಸ್ಸು ನಿಲ್ಲಿಸುವ ಜಾಗ. ಕೃಷ್ಣ 19ರಲ್ಲಿ ‘ಪ್ರಧಾನವಾದವನ್ನು ಮಾತ್ರ ಹೇಳುತ್ತೇನೆ’ ಎನ್ನುತ್ತಾನೆ. 20ರಲ್ಲಿ ‘ಎಲ್ಲ ಜೀವಿಗಳೊಳಗಿನ ಆತ್ಮ ನಾನು’ ಎನ್ನುತ್ತಾನೆ. 42ರಲ್ಲಿ, ಒಂದೇ ಅಂಶದಿಂದ ಇಡೀ ಜಗತ್ತನ್ನು ಹೊತ್ತು ನಿಂತಿದ್ದೇನೆ ಎಂದು ಮುಗಿಸುತ್ತಾನೆ. ಬೇವೂ ಅವನೇ. ಅರಳಿಯಲ್ಲಿ ನಮ್ಮ ಕಣ್ಣಿಗೆ ಬೇಗ ಸಿಗುತ್ತಾನೆ, ಅಷ್ಟೆ.

ವ್ಯಾಕರಣದಲ್ಲೂ ಒಂದು ತೊಡಕಿದೆ. ‘ವೃಕ್ಷಾಣಾಂ’ ಎಂಬಲ್ಲಿರುವಂತೆ, ‘ಮರಗಳಲ್ಲಿ’ ಎಂದು ಗುಂಪಿನಿಂದ ಒಂದನ್ನು ಆರಿಸುವ ಸಂಸ್ಕೃತದ ಷಷ್ಠೀ ವಿಭಕ್ತಿಯೇ ಎಲ್ಲ ಕಡೆಯೂ ಇದೆ ಎಂದುಕೊಂಡರೆ ‘ನಕ್ಷತ್ರಾಣಾಮಹಂ ಶಶೀ’ ಎಂಬಲ್ಲಿ ಎಡವುತ್ತೇವೆ, ಚಂದ್ರ ನಕ್ಷತ್ರವಲ್ಲವಲ್ಲ! ಅಲ್ಲಿ ‘ನಕ್ಷತ್ರಗಳ ಒಡೆಯನಾದ ಚಂದ್ರ’ ಎಂದು ಅರ್ಥ ಮಾಡಬೇಕು ಎನ್ನುತ್ತಾರೆ ರಾಮಾನುಜರು.

‘ದ್ಯೂತಂ ಛಲಯತಾಮಸ್ಮಿ’ (36), ಮೋಸಗೊಳಿಸುವವುಗಳಲ್ಲಿ ಜೂಜು ನಾನು, ಎಂಬುದನ್ನು ಹಿಡಿದು ಹಬ್ಬದ ದಿನ ಇಸ್ಪೀಟಿಗೆ ಕೂರುವುದಂತೂ ತಪ್ಪೇ. ಮೋಸಗೊಳಿಸುವುದರಲ್ಲೂ ಇರುವ ಶಕ್ತಿ ಯಾರದು ಎಂದು ಆ ಮಾತು ಹೇಳುತ್ತದೆ; ಆಡು ಎಂದು ಹೇಳುವುದಿಲ್ಲ. ಇನ್ನೊಂದು ಎಚ್ಚರ: ಹದಿನೈದನೆಯ ಅಧ್ಯಾಯದ ಅಶ್ವತ್ಥ ಬೇರೆ. ಬೇರು ಮೇಲಾಗಿ ನಿಂತ ಆ ಮರ ಸಂಸಾರ. ಅಸಂಗ, ಅಂದರೆ ಅಂಟಿಕೊಳ್ಳದಿರುವುದು, ಎಂಬ ಆಯುಧದಿಂದ ಕಡಿಯಬೇಕಾದದ್ದು. ಎರಡನ್ನೂ ಬೆರೆಸಿ ಪ್ರವಚನ ಮಾಡಿದರೆ ಪ್ರದಕ್ಷಿಣೆ ಹಾಕುವವರಿಗೆ ದಿಕ್ಕು ತಪ್ಪುತ್ತದೆ.

ಪಟ್ಟಿಯನ್ನು ನಮ್ಮೂರಿಗೆ ತರಲು ಕೀಲಿ 41ನೆಯ ಶ್ಲೋಕದಲ್ಲಿದೆ: ವಿಭೂತಿಮತ್, ಶ್ರೀಮತ್, ಊರ್ಜಿತ. ಮಹಿಮೆ, ಚೆಲುವು, ಬಲ ಎಲ್ಲಿ ಕಂಡರೂ ಅದು ನನ್ನ ತೇಜಸ್ಸಿನ ಅಂಶ ಎಂಬ ಮಾತು. ಮಧುಗಿರಿಯ ಏಕಶಿಲೆಯ ಬೆಟ್ಟದ ಬುಡದಲ್ಲಿ ನಿಂತು ನೋಡಿ. ‘ಊರ್ಜಿತ’ಕ್ಕೆ ಅರ್ಥ ಹೇಳಿಸಿಕೊಳ್ಳಬೇಕಾಗುವುದಿಲ್ಲ. ‘ಹರಿಯುವ ನೀರಿನಲ್ಲಿ ಗಂಗೆ ನಾನು’ ಎಂಬುದನ್ನು ಕೋಲಾರದವರು ಎಂದೋ ಹತ್ತಿರ ತಂದುಕೊಂಡಿದ್ದಾರೆ: ಶತಶೃಂಗ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ಬುಗ್ಗೆಗೆ ಅಂತರಗಂಗೆ ಎಂದೇ ಹೆಸರು.

ಅಭ್ಯಾಸಕ್ಕೆ ಕೂರುವವರು ಮೊದಲು 17, 20, 41, 42ನ್ನು ಬಾಯಿಪಾಠ ಮಾಡಿ. ಆಮೇಲೆ 21ರಿಂದ ಹಿಡಿಯಿರಿ. ಒಂದೊಂದು ಶ್ಲೋಕದಲ್ಲಿ ಮೂರು ನಾಲ್ಕು ಹೆಸರು ಬರುತ್ತವೆ; ದಿನಕ್ಕೆ ಒಂದೇ ಹೆಸರು ಸಾಕು. ಬೆಳಿಗ್ಗೆ ಮೂಲ ಹೇಳಿ ಅರ್ಥ ನೋಡಿಕೊಳ್ಳಿ, ಹಗಲಿನಲ್ಲಿ ಆ ವಸ್ತು ಕಣ್ಣಿಗೆ ಬಿದ್ದಾಗ ನೆನೆಯಿರಿ, ರಾತ್ರಿ 42ನ್ನು ಹೇಳಿ ಮಲಗಿ. ಈ ಕೊನೆಯದನ್ನು ಬಿಟ್ಟರೆ ಮತ್ತೆ ಅರಳಿ–ಬೇವಿನ ಜಗಳವೇ. ಶುರು ಮಾಡಲು ಮಾರ್ಗಶಿರ ಒಳ್ಳೆಯದು. ‘ಮಾಸಾನಾಂ ಮಾರ್ಗಶೀರ್ಷೋಽಹಂ’ ಎಂದು 35ರಲ್ಲಿದೆ. ನಮ್ಮ ಕಡೆ ರಾಗಿ ಕೊಯ್ಲಿನ ಕಾಲ, ಅವರೆಯ ಸೊಗಡು ಏರುವ ಕಾಲವೂ ಅದೇ.